ನಿಮ್ಮ ಮನೆಯಲ್ಲಿ ಕೋಣೆಗಳೆಷ್ಟು?

ದೆಹಲಿಯಲ್ಲಿ ಸರ್ಕಾರಿ ನೌಕರಿ ಮುಗಿಸಿದ ಕನ್ನಡಿಗನ ಮುಂದೆ ಹೆಚ್ಚು ದಾರಿಗಳಿರುವುದಿಲ್ಲ. ಊರಿಗೆ ಹಿಂದಿರುಗಿ 'ನಮ್ಮ ದೆಹಲಿಯಲ್ಲಿ ಹೀಗಿರಲಿಲ್ಲ' ಎಂದು ನೆಂಟರ ತಲೆ ತಿನ್ನಬಹುದು. ಇಲ್ಲೇ ಉಳಿದು 'ನಮ್ಮೂರಲ್ಲಿ ಹೀಗಿರಲಿಲ್ಲ' ಎಂದು ನೆರೆಯವರ ತಲೆ ತಿನ್ನಬಹುದು. ಅದೂ ಬೇಡವೆಂದರೆ ಆರ್.ಕೆ. ಪುರಂನ ಕರ್ನಾಟಕ ಸಂಘದಲ್ಲಿ ಸಂಗೀತವೋ ನಾಟಕವೋ ಇದ್ದ ದಿನ ಮುಂದಿನ ಸಾಲಿನಲ್ಲೇ ಕುಳಿತು ಗೌರವಾನ್ವಿತವಾಗಿ ತೂಕಡಿಸಬಹುದು. ಎರಡನೆಯದನ್ನೂ ಮೂರನೆಯದನ್ನೂ ನಾನು ಶ್ರದ್ಧೆಯಿಂದಲೇ ಮಾಡಿದೆ. ಆದರೂ ಸಂಜೆಗಳು ಮಿಕ್ಕವು. ಮಿಕ್ಕ ಸಂಜೆಗಳಲ್ಲಿ ಇಂಗ್ಲಿಷ್ ಹೇಳಿಕೊಡಲು ಕುಳಿತೆ.

ನಿಮಗೆ ಇಂಗ್ಲಿಷ್ ಬರುತ್ತದೆಯೇ ಎಂದು ಮಾತ್ರ ಕೇಳಬೇಡಿ. ಜೀವಮಾನವೆಲ್ಲ ಕಡತದ ಅಂಚಿನಲ್ಲಿ 'ಪ್ಲೀಸ್ ಸ್ಪೀಕ್', 'ಪುಟ್ ಅಪ್', 'ಮೇ ಕೈಂಡ್ಲಿ ಸೀ' ಎಂದು ಬರೆದವನು ನಾನು. ಆ ಇಂಗ್ಲಿಷಿನಲ್ಲಿ ದೇಶ ನಡೆಯುತ್ತದೆ, ಸಂಸಾರ ನಡೆಯುವುದಿಲ್ಲ. ಅದರಲ್ಲಿ ಮಂಚ, ದಿಂಬು, ಸೌಟು ಯಾವುದೂ ಇಲ್ಲ. ಇರುವ ಒಂದೇ ಪೀಠೋಪಕರಣವೆಂದರೆ ಟೇಬಲ್. ಅದೂ 'ಲೇ ಆನ್ ದಿ ಟೇಬಲ್ ಆಫ್ ದಿ ಹೌಸ್' ಎನ್ನುವಾಗ ಬರುವಂಥದ್ದು. ಅಲ್ಲಿನ ಹೌಸ್ ಕೂಡ ಸಂಸತ್ತು.

ಶಿಷ್ಯರು ಮೂವರು. ಶಿರಸಿ ಕಡೆಯಿಂದ ಮದುವೆಯಾಗಿ ಬಂದು, ಗಂಡ ಆಫೀಸಿಗೆ ಹೋದ ಮೇಲೆ ಬಾಗಿಲ ಚಿಲಕ ಹಾಕಿ ಕೂತಿರುತ್ತಿದ್ದ ಹುಡುಗಿಯೊಬ್ಬಳು. ನಮ್ಮ ಗೇಟಿನ ಕಾವಲುಗಾರ, ದರ್ಭಂಗಾ ಕಡೆಯವನು. ಮತ್ತು ರಸ್ತೆಯಾಚೆಯ ತ್ರಿಲೋಕಪುರಿಯಿಂದ ಬರುವ ಹೆಂಗಸು. ಆಕೆಗೆ ಶಾಂತಿನಿಕೇತನದಲ್ಲಿ ವಿದೇಶಿ ಕುಟುಂಬವೊಂದರ ಮನೆಗೆಲಸ. ಬೋಲ್ಪುರದ ಶಾಂತಿನಿಕೇತನವಲ್ಲ, ದಕ್ಷಿಣ ದೆಹಲಿಯದು. ಅಲ್ಲಿ ರಾಯಭಾರಿ ಕಚೇರಿಯವರು ಬಾಡಿಗೆಗಿರುತ್ತಾರೆ. ಈಗ ಆಕೆ ಪಿಂಕ್ ಲೈನ್ ಮೆಟ್ರೊ ಹತ್ತಿ ಸರ್ ಎಂ. ವಿಶ್ವೇಶ್ವರಯ್ಯ ಮೋತಿಬಾಗ್‌ನಲ್ಲಿ ಇಳಿಯುತ್ತಾಳೆ. 2021ರ ಆಗಸ್ಟ್‌ವರೆಗೆ ಆ ಲೈನು ತ್ರಿಲೋಕಪುರಿಯ ಬಳಿಯೇ ತುಂಡಾಗಿ ನಿಂತಿತ್ತು. ಮುದ್ದೇನಹಳ್ಳಿಯ ಮಹನೀಯರ ಹೆಸರು ತ್ರಿಲೋಕಪುರಿಯ ಹೆಂಗಸಿನ ಬಾಯಲ್ಲಿ 'ಬಿಸೇಸರಯ್ಯಾ' ಆಗಿರುವುದನ್ನು ಕೇಳಿದಾಗಲೆಲ್ಲ ನನಗೆ ಕಾರಣವಿಲ್ಲದೆ ಎದೆಯುಬ್ಬುತ್ತದೆ.

ಪಾಠಶಾಲೆ ನಮ್ಮ ಬಾಲ್ಕನಿಯಲ್ಲಿ. ಬಾಲ್ಕನಿ ಎಂದೆನೇ? ದೆಹಲಿ ಅಭಿವೃದ್ಧಿ ಪ್ರಾಧಿಕಾರದ, ಅಂದರೆ ಡಿಡಿಎ, ಫ್ಲ್ಯಾಟುಗಳಲ್ಲಿ ಬಾಲ್ಕನಿಗಳು ಹುಟ್ಟುವಾಗ ಮಾತ್ರ ಬಾಲ್ಕನಿಗಳು. ಆಮೇಲೆ ಗಾಜು, ಜಾಲರಿ, ಅಲ್ಯೂಮಿನಿಯಂ ಚೌಕಟ್ಟು ಹಾಕಿಸಿಕೊಂಡು ಒಂದು ಸಂಶಯಾಸ್ಪದ ಕೋಣೆಯಾಗಿಬಿಡುತ್ತವೆ. ಅದರಲ್ಲಿ ಒಂದು ಒಗೆಯುವ ಯಂತ್ರ, ಬೇಸಿಗೆಗೆ ಕಾಯುತ್ತಿರುವ ಕೂಲರು, ಒಣಗುತ್ತಿರುವ ಸಂಡಿಗೆ, ನಾವು ನಾಲ್ವರು.

ಪಠ್ಯಪುಸ್ತಕವನ್ನು ಭಾನುವಾರದ ಹಳೆ ಪುಸ್ತಕದ ಸಂತೆಯಲ್ಲಿ ಕೊಂಡೆ. ದರಿಯಾಗಂಜ್‌ನ ಕಾಲುದಾರಿಯಲ್ಲಿದ್ದ ಆ ಸಂತೆಯನ್ನು 2019ರಲ್ಲಿ ಮಹಿಳಾ ಹಾಟ್‌ಗೆ ಕಳಿಸಿದರು. ಜಾಗ ಬದಲಾದರೂ ತೂಕಕ್ಕೆ ಪುಸ್ತಕ ಮಾರುವ ಔದಾರ್ಯ ಬದಲಾಗಿಲ್ಲ. ಪುಸ್ತಕದ ನಾಲ್ಕನೆಯ ಪಾಠವೇ ಮನೆ. ಬಣ್ಣದ ಚಿತ್ರ. ಮನೆಯ ಮುಂದಿನ ಗೋಡೆಯನ್ನು ಯಾರೋ ಕಿತ್ತುಕೊಂಡು ಹೋದಂತೆ ಒಳಗಿನದೆಲ್ಲ ಬೀದಿಗೆ ಕಾಣುತ್ತದೆ. ಕೆಳಗೆ ನೆಲಮಾಳಿಗೆ, ಮೇಲೆ ಆಟಿಕ್, ಅದರ ಮೇಲೆ ಚಿಮಣಿ. ನಡುವೆ ಬೆಂಕಿಗೂಡಿನ ಮುಂದೆ ಅಪ್ಪ ಪೈಪು ಸೇದುತ್ತಾನೆ, ಅಮ್ಮ ಹೆಣೆಯುತ್ತಾಳೆ, ಜಮಖಾನೆಯ ಮೇಲೆ ನಾಯಿ ಸಾರ್ಥಕವಾಗಿ ಮಲಗಿದೆ. ವಸ್ತುವಿನ ಚಿತ್ರ ಬರೆದು ಅಂಕಿ ಹಾಕಿ ಪಕ್ಕದಲ್ಲಿ ಹೆಸರು ಕೊಡುವ ಈ ಉಪಾಯ ಬಹಳ ಹಳೆಯದು. 1658ರಲ್ಲಿ ಕೊಮೀನಿಯಸ್ ಎಂಬ ಮಹಾಶಯ ಮಕ್ಕಳಿಗೆ ಲ್ಯಾಟಿನ್ ಕಲಿಸಲು ನ್ಯೂರೆಂಬರ್ಗ್‌ನಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲೂ ಇದೇ ಕ್ರಮ. ಅಲ್ಲಿಂದ ಇಲ್ಲಿಯವರೆಗೆ ಮನೆಗಳು ಎಷ್ಟೋ ಬದಲಾಗಿವೆ, ಪಾಠ ಬದಲಾಗಿಲ್ಲ.

"ದಿಸ್ ಈಸ್ ದಿ ಆಟಿಕ್" ಎಂದೆ. ಕಾವಲುಗಾರ ನಿರ್ಲಿಪ್ತನಾಗಿ ನೋಡಿದ. ತ್ರಿಲೋಕಪುರಿಯಾಕೆ ಆಕಳಿಸಿದಳು. ಶಿರಸಿಯ ಹುಡುಗಿ ಮಾತ್ರ ಥಟ್ಟನೆ, "ಅಟ್ಟ!" ಎಂದಳು. ಅಡಿಕೆ ಚೀಲ, ಉಪ್ಪಿನಕಾಯಿ ಭರಣಿ, ಮುರಿದ ತೊಟ್ಟಿಲು ಇಡುವ ಅಟ್ಟ. "ಇದನ್ನ ಅವರು ನಮ್ಮಿಂದಲೇ ತಗಂಡಿದ್ದಾ?" ಎಂದು ಕೇಳಿದಳು. ಎರಡು ಪದಗಳಿಗೂ ಸಂಬಂಧವಿಲ್ಲ. ಆದರೆ ಊರು ಬಿಟ್ಟು ಬಂದ ಮೇಲೆ ಆ ಮುಖ ಅರಳಿದ್ದನ್ನು ನಾನು ಕಂಡದ್ದು ಅದೇ ಮೊದಲು. ಭಾಷಾಶಾಸ್ತ್ರ ಎಲ್ಲಿಗೂ ಹೋಗುವುದಿಲ್ಲ, ಆಮೇಲೆ ನೋಡಿಕೊಂಡರಾಯಿತು ಎಂದು ಸುಮ್ಮನಿದ್ದೆ. ಹುಡುಗಿಗೆ ಹುರುಪು ಬಂತು. ಬೆಂಕಿಗೂಡಿನ ಚಿತ್ರದತ್ತ ಬೆರಳಿಟ್ಟು, "ಒಲೆ ಸರಿ, ಹಂಡೆ ಎಲ್ಲಿ?" ಎಂದಳು. ನೀರು ಕಾಯಿಸದೆ ಬರೀ ಬೆಂಕಿಯ ಮುಂದೆ ಕೂರುವ ಜನರ ಬಗ್ಗೆ ಅವಳಿಗೆ ಅಂದಿನಿಂದ ಒಂದು ಬಗೆಯ ತಾತ್ಸಾರ.

ಚಿತ್ರದಿಂದ ಕೆಲಸವಾಗುವುದಿಲ್ಲ ಎಂದು ಬೇರೆ ವಿಧಾನ ಹುಡುಕಿದೆ. ಸಿಕ್ಕವನು ಫ್ರಾನ್ಸ್ವಾ ಗುವೆನ್ ಎಂಬ ಲ್ಯಾಟಿನ್ ಮೇಷ್ಟರು. ಈತ ಜರ್ಮನ್ ಕಲಿಯಲು ಹ್ಯಾಂಬರ್ಗ್‌ಗೆ ಹೋಗಿ, ಜನರೊಡನೆ ಮಾತಾಡುವುದು ಬಿಟ್ಟು ಬಾಗಿಲು ಹಾಕಿಕೊಂಡು ವ್ಯಾಕರಣ ಬಾಯಿಪಾಠ ಮಾಡಿದ. ಹೊರಗೆ ಬಂದರೆ ಒಂದು ಮಾತೂ ತಿಳಿಯಲಿಲ್ಲ. ಮತ್ತೆ ಒಳಹೊಕ್ಕು 30 ಸಾವಿರ ಶಬ್ದಗಳ ನಿಘಂಟನ್ನೇ ನುಂಗಿದ. ಹೊರಬಂದ, ಮತ್ತೂ ತಿಳಿಯಲಿಲ್ಲ. ಪೆಚ್ಚುಮೋರೆಯಲ್ಲಿ ಊರಿಗೆ ಬಂದು ನೋಡಿದರೆ ಮೂರು ವರ್ಷದ ಸೋದರಳಿಯ ಅಷ್ಟರಲ್ಲಿ ಪಟಪಟನೆ ಫ್ರೆಂಚ್ ಆಡುತ್ತಿದ್ದ! ಮಗು ಹಿಟ್ಟಿನ ಗಿರಣಿ ನೋಡಿಬಂದು, ಕಂಡದ್ದನ್ನೆಲ್ಲ ಒಂದರ ಹಿಂದೊಂದು ಮಾಡುತ್ತ ಹೇಳುತ್ತ ಆಡುತ್ತಿತ್ತಂತೆ. ಗುವೆನ್‌ಗೆ ಜ್ಞಾನೋದಯವಾಯಿತು. 1880ರಲ್ಲಿ ಪುಸ್ತಕ ಬರೆದ. ಬಾಗಿಲ ಕಡೆಗೆ ನಡೆಯುತ್ತೇನೆ, ಬಾಗಿಲ ಹತ್ತಿರ ಬರುತ್ತೇನೆ, ಬಾಗಿಲು ತೆರೆಯುತ್ತೇನೆ ಎಂದು ಮಾಡುತ್ತ ಹೇಳುವುದೇ ಅವನ ಪಾಠದ ಹೆಸರಾಂತ ಮಾದರಿ. ಇಪ್ಪತ್ತನೆಯ ಶತಮಾನದಲ್ಲಿ ಕ್ಯಾಲಿಫೋರ್ನಿಯಾದ ಜೇಮ್ಸ್ ಆಶರ್ ಎಂಬ ಮನಶ್ಶಾಸ್ತ್ರಜ್ಞ, ಎದ್ದೇಳು, ಕುರ್ಚಿ ಮುಟ್ಟು, ಕಿಟಕಿ ಹತ್ತಿರ ಹೋಗು ಎಂದು ಅಪ್ಪಣೆ ಕೊಟ್ಟು ಭಾಷೆ ಕಲಿಸುವ ಕ್ರಮವನ್ನೇ ಬೆಳೆಸಿದ. ಅಪ್ಪಣೆ ಕೊಡುವ ವಿದ್ಯೆ ನಿವೃತ್ತ ಅಧಿಕಾರಿಗೆ ಹೊಸತಲ್ಲವಲ್ಲ.

ಬಾಗಿಲು ಯಾಕೆ, ಅಲಮಾರು ಇರಲಿ ಎಂದು ಶಿಷ್ಯರನ್ನು ಒಳಗೆ ಕರೆದೊಯ್ದೆ. "ಐ ವಾಕ್ ಟು ದಿ ಅಲ್ಮೈರಾ" ಎಂದು ನಡೆದೆ. ಅವರೂ ಹೇಳಿದರು. "ಐ ಹೋಲ್ಡ್ ದಿ ಹ್ಯಾಂಡಲ್." ಹೇಳಿದರು. "ಐ ಓಪನ್ ದಿ ಅಲ್ಮೈರಾ."

ಇಲ್ಲಿ ದೆಹಲಿಯ ಹವಾಮಾನದ ಬಗ್ಗೆ ಒಂದು ಮಾತು. ಇಲ್ಲಿ ರಜಾಯಿ ಬೇಕಾಗುವುದು ಡಿಸೆಂಬರ್, ಜನವರಿಯಲ್ಲಿ. ಉಳಿದ ತಿಂಗಳುಗಳಲ್ಲೂ ಅದಕ್ಕೊಂದು ವಾಸಸ್ಥಾನ ಬೇಡವೇ? ಅದಕ್ಕಾಗಿಯೇ ಕೀರ್ತಿನಗರದ ಬಡಗಿಗಳು ಮಂಚದ ಹೊಟ್ಟೆಯನ್ನೆಲ್ಲ ಪೆಟ್ಟಿಗೆ ಮಾಡಿ 'ಬಾಕ್ಸ್ ಬೆಡ್' ಎಂದು ಮಾರುತ್ತಾರೆ. ಮಂಚದ ಹೊಟ್ಟೆ ತುಂಬಿದ ಮೇಲೆ ಮಿಕ್ಕದ್ದೆಲ್ಲ ಅಲಮಾರಿನ ಮೇಲರೆಗೆ ಹೋಗುತ್ತದೆ. ಮಾರ್ಚ್ ತಿಂಗಳಲ್ಲಿ ಅದನ್ನು ಅಲ್ಲಿಗೆ ತುರುಕಿದ್ದವಳು ನನ್ನ ಹೆಂಡತಿ. ಮುಚ್ಚುವ ಕ್ರಮ ಅವಳಿಗೆ ಮಾತ್ರ ಗೊತ್ತು, ತೆಗೆಯುವ ಕ್ರಮವೂ ಅವಳಿಗೆ ಮಾತ್ರ. ನಾನು ಹಿಡಿಕೆ ತಿರುಗಿಸಿದ್ದೇ ತಡ, ತುಂಬಿದ ಕೆರೆಯ ತೂಬು ಕಿತ್ತಂತೆ ರಜಾಯಿ, ಸ್ವೆಟರಿನ ಗಂಟು, ಹೀಟರಿನ ಖಾಲಿ ಡಬ್ಬ ಎಲ್ಲ ನನ್ನ ಮೇಲೆ ಇಳಿದವು. ಒಂದು ಕ್ಷಣ ಕತ್ತಲೆ, ನ್ಯಾಫ್ತಲೀನ್ ವಾಸನೆ. ಹೊರಗಿನಿಂದ ಕಾವಲುಗಾರನ ಗಂಭೀರ ದನಿ ಕೇಳಿಸಿತು: "ಸರ್ ಈಸ್ ಅಂಡರ್ ದಿ ರಜಾಯಿ."

ಆನ್, ಇನ್, ಅಂಡರ್ ಎಂದು ವಾರಗಟ್ಟಲೆ ಬಡಿದುಕೊಂಡಿದ್ದೆ. ಪುಣ್ಯಾತ್ಮ ಒಂದನ್ನೂ ಸರಿಯಾಗಿ ಹೇಳಿರಲಿಲ್ಲ. ಆ ದಿನದ ಮೇಲೆ ತಪ್ಪಿಲ್ಲ. ಅಡುಗೆಮನೆಯಿಂದ ಬಂದ ಹೆಂಡತಿ, "ಅಂತೂ ನಿಮ್ಮಿಂದ ಒಬ್ಬರು ಏನಾದರೂ ಕಲಿತರು" ಎಂದಳು.

ಚಾರಿತ್ರಿಕ ಹುರುಪಿನಲ್ಲಿ ಇನ್ನೊಂದು ಪ್ರಯೋಗವೂ ಆಯಿತು. ಕಾಟ್ ನಿಮ್ಮದೇ ಖಾಟ್ ಕಣಯ್ಯ, ಬಂಗ್ಲೋ ಎಂದರೆ ಬಂಗಾಳದ ಮನೆ, ಟೀಪಾಯಿಗೂ ಟೀಗೂ ಸಂಬಂಧವೇ ಇಲ್ಲ, ಮೂರು ಕಾಲಿನ ತಿಪಾಯಿ ಅದು ಎಂದು ಕಾವಲುಗಾರನಿಗೆ ವಿವರಿಸಿದೆ. ಇಂಥ ಪದಗಳನ್ನು ಹೆಕ್ಕಿ 'ಹಾಬ್ಸನ್-ಜಾಬ್ಸನ್' ಎಂಬ ನಿಘಂಟು ಮಾಡಿದ ಇಬ್ಬರಲ್ಲಿ ಒಬ್ಬ ನಮ್ಮ ಮಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದು ತುಳುವರ ಪಾಡ್ದನಗಳನ್ನೂ ಸಂಗ್ರಹಿಸಿದ ಬರ್ನೆಲ್. 1886ರಲ್ಲಿ ಪುಸ್ತಕ ಹೊರಬರುವಾಗ ಅವನು ಬದುಕಿರಲಿಲ್ಲ. ಎಲ್ಲ ಕೇಳಿಸಿಕೊಂಡ ಕಾವಲುಗಾರ, "ನಮ್ಮದೇ ಆದರೆ ಮತ್ತೆ ಯಾಕೆ ಕಲಿಯಬೇಕು ಸರ್?" ಎಂದ. ಪ್ರಶ್ನೆಯಲ್ಲಿ ಹುರುಳಿತ್ತು. ಪ್ರಯೋಗ ನಿಲ್ಲಿಸಿದೆ.

ಇಷ್ಟರಲ್ಲಿ ಪಾಠದ ಕೊನೆಯ ಅಭ್ಯಾಸ ಬಂತು. ಜಗತ್ತಿನ ಯಾವ ಇಂಗ್ಲಿಷ್ ಪುಸ್ತಕ ತೆಗೆದರೂ ಮನೆಯ ಪಾಠದ ಕೊನೆಗೆ ಈ ಪ್ರಶ್ನೆ ಇದ್ದೇ ಇರುತ್ತದೆ: 'ಹೌ ಮೆನಿ ರೂಮ್ಸ್ ಆರ್ ದೇರ್ ಇನ್ ಯುವರ್ ಹೌಸ್?' ನೋಡಲು ಎಂಥ ಸಾಧು ಪ್ರಶ್ನೆ! ದೆಹಲಿಯಲ್ಲಿ ಇದು ಸಾಧುವಲ್ಲ. ಇದು ಮನೆಯ ಹೆಸರು ಕೇಳಿದರೆ ಸಂಬಳ ತಿಳಿಯುವ ಊರು. ಸರ್ಕಾರಿ ಕ್ವಾರ್ಟರ್ಸು ಟೈಪ್ ಒಂದರಿಂದ ಶುರುವಾಗಿ ಎಂಟರವರೆಗೆ ಏರುತ್ತದೆ; ಯಾರಾದರೂ 'ನಾವು ಟೈಪ್ ಫೋರ್' ಎಂದರೆ ದರ್ಜೆ, ವಯಸ್ಸು, ಮುಂಬಡ್ತಿಯ ಆಸೆ ಎಲ್ಲ ಗೊತ್ತಾಗುತ್ತದೆ. 1957ರಲ್ಲಿ ಹುಟ್ಟಿದ ಡಿಡಿಎ ಆಮೇಲೆ ಕಟ್ಟಿಸಿದ ಮನೆಗಳಿಗೆ ಜನತಾ, ಎಲ್‌ಐಜಿ, ಎಂಐಜಿ, ಎಚ್‌ಐಜಿ ಎಂದು ವರಮಾನದ ಹೆಸರನ್ನೇ ಇಟ್ಟಿತು. 1979ರ ಯೋಜನೆಯಲ್ಲಿ ಹೆಸರು ಬರೆಸಿದವರಲ್ಲಿ ಎಷ್ಟೋ ಜನ ಎರಡು ದಶಕ ದಾಟಿದರೂ ಕಾಯುತ್ತಲೇ ಇದ್ದರು. ಜಂಗಪುರ, ಡಿಫೆನ್ಸ್ ಕಾಲೊನಿಗಳ ತಾರಸಿಯ ಮೇಲಿನ ಒಂಟಿ ಕೋಣೆ ಬರ್ಸಾತಿಯಲ್ಲಿ ಒಂದು ಕಾಲಕ್ಕೆ ಚಿತ್ರಕಾರರು, ಪತ್ರಕರ್ತರು, ಮದುವೆಯಾಗದ ಎಲ್ಲ ಜಾತಿಯ ಬುದ್ಧಿಜೀವಿಗಳು ಬೇಸಿಗೆಯಲ್ಲಿ ಬೆಂದು ಚಳಿಯಲ್ಲಿ ನಡುಗಿ ಬಾಳಿದರು. ಬಿಲ್ಡರ್‌ಗಳು ಬಂದು ಅದರ ಮೇಲೂ ಮಹಡಿ ಎತ್ತಿದರು. ಈ ಯಾವುದರ ಚಿತ್ರವೂ ನನ್ನ ಪುಸ್ತಕದಲ್ಲಿಲ್ಲ.

ಶಿರಸಿಯ ಹುಡುಗಿ ತವರುಮನೆಯ ಜಗಲಿ, ನಡುಮನೆ, ಬಚ್ಚಲು, ಕೊಟ್ಟಿಗೆ ಎಂದು ಬೆರಳು ಮಡಚಿ ಮಡಚಿ ಸಾಕಾಗಿ ಎರಡನೆಯ ಕೈಗೆ ಬಂದಳು. ತ್ರಿಲೋಕಪುರಿಯಾಕೆ ಚಿಕ್ಕದಾಗಿ, "ಒನ್" ಎಂದಳು. ತುರ್ತುಪರಿಸ್ಥಿತಿಯ ಕಾಲದಲ್ಲಿ ಜುಗ್ಗಿಗಳನ್ನು ಕೆಡವಿ ಜನರನ್ನು ತಂದು ಹಾಕಿದ ಬಡಾವಣೆ ಅದು. ಒಂದು ಸಂಸಾರಕ್ಕೆ 25 ಚದರ ಗಜದ ನಿವೇಶನ. ಮಕ್ಕಳು ಮದುವೆಯಾದಂತೆ ಮನೆ ಅಗಲವಾಗದೆ ಎತ್ತರವಾಗುತ್ತದೆ, ಒಬ್ಬೊಬ್ಬರ ಪಾಲಿಗೆ ಒಂದೊಂದು ಮಹಡಿ. ವಾತಾವರಣ ತಿಳಿ ಮಾಡೋಣವೆಂದು ಕಾವಲುಗಾರನ ಕಡೆ ತಿರುಗಿ, ರೂಮು ಬಿಡು, "ಹೌ ಮೆನಿ ಬೆಡ್ಸ್?" ಎಂದೆ. ಅವನು ಸ್ವಲ್ಪ ಲೆಕ್ಕ ಹಾಕಿ, "ಹಾಫ್, ಸರ್" ಎಂದ.

ತಿದ್ದಲು ಬಾಯಿ ತೆರೆದಿದ್ದೆ. ಅವನೇ ಹಿಂದಿಯಲ್ಲಿ ವಿವರಿಸಿದ. ಚಿಲ್ಲಾ ಗ್ರಾಮದಲ್ಲಿ ಒಂದು ಬಾಡಿಗೆ ಕೋಣೆ, ಅದರಲ್ಲಿ ಒಂದು ಹಗ್ಗದ ಮಂಚ. ಇವನದು ರಾತ್ರಿ ಪಾಳಿ, ಜೊತೆಗಾರನದು ಹಗಲು. ಇವನು ಮಲಗುವಾಗ ಅವನು ಗೇಟಿನಲ್ಲಿ, ಅವನು ಮಲಗುವಾಗ ಇವನು. ಮಂಚ ತಣ್ಣಗಾಗುವುದೇ ಇಲ್ಲ. ವ್ಯಾಕರಣ ಪ್ರಕಾರವೂ ಲೆಕ್ಕದ ಪ್ರಕಾರವೂ ಉತ್ತರ ಸರಿ. ದೆಹಲಿಯಲ್ಲಿ ಮಹಮ್ಮದ್ ಬಿನ್ ತುಘಲಕ್‌ನ ಖಾಜಿಯಾಗಿದ್ದ ಇಬ್ನ್ ಬತೂತ, ಇಲ್ಲಿನ ಮಂಚಗಳು ಬಲು ಹಗುರ, ನಾಲ್ಕು ಕಾಲು, ನಡುವೆ ನೇಯ್ದ ದಾರ ಎಂದು ಮೆಚ್ಚಿ ಬರೆದಿದ್ದಾನೆ. ಒಂದನ್ನು ಎಷ್ಟು ಜನ ಪಾಳಿಯಲ್ಲಿ ಬಳಸುತ್ತಾರೆ ಎಂದು ವಿಚಾರಿಸುವ ಪ್ರಸಂಗ ಖಾಜಿ ಸಾಹೇಬರಿಗೆ ಬರಲಿಲ್ಲವೆಂದು ಕಾಣುತ್ತದೆ.

ಆಗ ತ್ರಿಲೋಕಪುರಿಯಾಕೆ ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡು, ನನ್ನ ಮನೆ ಬಿಡಿ, ಮೇಡಮ್ ಮನೆಯದು ಕೇಳಿ ಎಂದಳು. ನಾನು ಕೇಳಬೇಕಾಗಲಿಲ್ಲ. ಆಟಮನ್, ಕನ್ಸೋಲ್, ಡುವೆ, ಕೋಸ್ಟರ್, ಚೆಸ್ಟ್ ಆಫ್ ಡ್ರಾಯರ್ಸ್, ಬೆಡ್‌ಸೈಡ್ ಲ್ಯಾಂಪ್. ಉಚ್ಚಾರ ಒಂಚೂರು ಅಲುಗಿತ್ತು, ವಸ್ತು ಅಲುಗಿರಲಿಲ್ಲ. ಒಂದೊಂದನ್ನೂ ಯಾವ ಬಟ್ಟೆಯಿಂದ ಒರೆಸಬೇಕು, ಯಾವುದಕ್ಕೆ ನೀರು ಸೋಕಿಸಬಾರದು ಎಂಬುದು ಸಮೇತ ಗೊತ್ತು. ಆಟಮನ್ ಎಂದರೆ ನನಗೆ ತುರ್ಕಿಯ ಸಾಮ್ರಾಜ್ಯ. ಆಕೆಗೆ ಸೋಫಾದ ಮುಂದೆ ಕಾಲು ಚಾಚಲು ಇಡುವ ಮೆತ್ತನೆಯ ಪೀಠ. ಆಕೆಗೆ ಇಲ್ಲದ್ದು ಹೆಸರುಗಳಲ್ಲ. 'ಇದು ಮೊದಲೇ ಒಡೆದಿತ್ತು', 'ಇದನ್ನು ಎಲ್ಲಿಡಲಿ', 'ಈ ಭಾನುವಾರ ನಾನು ಬರುವುದಿಲ್ಲ' ಎನ್ನುವ ವಾಕ್ಯಗಳು. ನಮ್ಮ ಪುಸ್ತಕದಲ್ಲಿ ಯಾರೂ ಏನನ್ನೂ ಒಡೆಯುವುದಿಲ್ಲ, ಯಾರಿಗೂ ರಜೆ ಬೇಕಾಗುವುದಿಲ್ಲ. ಆ ಮನೆ ಗುಡಿಸುವವರು ಯಾರು ಎಂಬುದನ್ನು ಚಿತ್ರಕಾರ ಬರೆದೇ ಇಲ್ಲ.

ಈಗ ಪಾಠ ಹೀಗೆ ನಡೆಯುತ್ತದೆ. ಆಕೆ ಹೊಸ ವಸ್ತುವೊಂದನ್ನು ವರ್ಣಿಸುತ್ತಾಳೆ, ಶಿರಸಿಯ ಹುಡುಗಿ ಫೋನಿನಲ್ಲಿ ಅದರ ಚಿತ್ರ ಹುಡುಕುತ್ತಾಳೆ, ನಾನು ಅದರ ಸುತ್ತ ವಾಕ್ಯ ಕಟ್ಟಿಕೊಡುತ್ತೇನೆ, ಕಾವಲುಗಾರ ಆನ್, ಇನ್, ಅಂಡರ್‌ಗಳ ಮೇಲ್ವಿಚಾರಕ. ಕೂಲರು, ಗೀಸರು, ಇನ್ವರ್ಟರು, ತಾರಸಿಯ ನೀರಿನ ಟ್ಯಾಂಕು, ಗ್ಯಾಸ್ ಸಿಲಿಂಡರು ಎಲ್ಲಕ್ಕೂ ಪ್ರವೇಶ ಸಿಕ್ಕಿದೆ. ಚಿಮಣಿಯನ್ನು ಕೈಬಿಟ್ಟಿದ್ದೇವೆ. 'ಫರ್ನಿಚರ್ಸ್' ಎನ್ನಬೇಡಿ, ಇಂಗ್ಲಿಷಿನಲ್ಲಿ ಅದಕ್ಕೆ ಬಹುವಚನವಿಲ್ಲ ಎಂದು ನಾನು ಈಗಲೂ ಹೇಳುತ್ತೇನೆ. ಅವರು ಈಗಲೂ ಫರ್ನಿಚರ್ಸ್ ಎನ್ನುತ್ತಾರೆ. ಅಮರ್ ಕಾಲೊನಿಯ ಹಳೆ ಪೀಠೋಪಕರಣದ ಅಂಗಡಿಗಳ ಮುಂದೆ ರಾಶಿ ಬಿದ್ದಿರುವುದನ್ನು ಕಂಡವರಿಗೆ ಏಕವಚನದಲ್ಲಿ ನಂಬಿಕೆ ಹುಟ್ಟಿಸುವುದು ಸುಲಭವಲ್ಲ.

ನಿಮಗೂ ಸಂಜೆಗಳು ಮಿಕ್ಕಿದ್ದು, ಪಕ್ಕದವರಿಗೆ ನಾಲ್ಕು ಮಾತು ಇಂಗ್ಲಿಷೋ ಕನ್ನಡವೋ ಹೇಳಿಕೊಡುವ ಮನಸ್ಸಾದರೆ ಖಂಡಿತ ಶುರು ಮಾಡಿ. ಮನೆಯ ಪಾಠವನ್ನೂ ಮಾಡಿ. ಕೋಣೆಗಳನ್ನು ಎಣಿಸುವ ಆ ಪ್ರಶ್ನೆಯ ಮೇಲೆ ಮಾತ್ರ ಪಾಠಕ್ಕೆ ಮೊದಲೇ ಪೆನ್ಸಿಲಿನಿಂದ ಒಂದು ಗೆರೆ ಎಳೆದುಬಿಡಿ.