ಬರಲಿರುವ ದೊಡ್ಡ ಹೂಡಿಕೆದಾರರಿಗೆ ತಿರುಪ್ಪೂರಿನಿಂದ ಒಂದು ಬಹಿರಂಗ ಪತ್ರ

ಮಹಾರಾಜರಾಜಶ್ರೀ ಹೂಡಿಕೆದಾರರ ಸನ್ನಿಧಿಗೆ,

ತಿರುಪ್ಪೂರಿನಲ್ಲಿ ಬನಿಯನ್ ಹೊಲಿಯುವ ಒಂದು ಪವರ್ ಟೇಬಲ್ ಬೀದಿಯಿಂದ ಮಾಡುವ ನಮಸ್ಕಾರಗಳು. ಇಲ್ಲಿ ನಾವು ಕ್ಷೇಮ. ನಿಮ್ಮ ಕ್ಷೇಮಕ್ಕೆ ಸರ್ಕಾರಗಳೇ ಟೊಂಕ ಕಟ್ಟಿ ನಿಂತಿರುವುದರಿಂದ ಆ ಬಗ್ಗೆ ವಿಚಾರಿಸುವ ಅಗತ್ಯ ಕಾಣಲಿಲ್ಲ.

ನಾವು ಕನ್ನಡ ಮನೆಮಾತಿನ ದೇವಾಂಗರು. ಕೊಯಮತ್ತೂರು ಸೀಮೆಯಲ್ಲಿ ನಮ್ಮಂಥ ನೇಕಾರರ ಕೇರಿಗಳು ಹಲವಿವೆ. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು, ಬಿಲ್ಲಿನ ಮೇಲೆ ಇಂಗ್ಲಿಷು. ನಮ್ಮ ಹಿರಿಯರು ಇತ್ತ ಬಂದಾಗ ಯಾರೂ ಒಡಂಬಡಿಕೆಗೆ ಸಹಿ ಹಾಕಿರಲಿಲ್ಲ, ಶಾಲು ಹೊದಿಸಿರಲಿಲ್ಲ. ನಿಮ್ಮ ಯೋಗ ಬೇರೆ. 2025ರ ನವೆಂಬರ್‌ನಲ್ಲಿ ಕೊಯಮತ್ತೂರಿನಲ್ಲಿ ನಡೆದ ‘ಟಿಎನ್ ರೈಸಿಂಗ್’ ಸಮಾವೇಶದಲ್ಲಿ ನೂರೈವತ್ತಕ್ಕೂ ಮೀರಿ ಒಡಂಬಡಿಕೆಗಳಾದವಂತೆ, ಮೊತ್ತ 43 ಸಾವಿರ ಕೋಟಿ ರೂಪಾಯಿ ದಾಟಿತಂತೆ. ಓದಿ ಸಂತೋಷವಾಯಿತು. ಅಷ್ಟು ಸೊನ್ನೆ ಬರೆಯಲು ನಮ್ಮ ಸಂಬಳದ ಪುಸ್ತಕದಲ್ಲಿ ಜಾಗವಿಲ್ಲ.

ತಮಿಳುನಾಡಿನ 2021ರ ಕೈಗಾರಿಕಾ ನೀತಿಯಲ್ಲಿ ನಿಮ್ಮಂಥವರಿಗೆ ವಿದ್ಯುತ್ ತೆರಿಗೆಯ ವಿನಾಯಿತಿ ಸಿಕ್ಕಿತು, ಮುದ್ರಾಂಕ ಶುಲ್ಕದ ರಿಯಾಯಿತಿ ಸಿಕ್ಕಿತು, ಬಂಡವಾಳಕ್ಕೆ ತಕ್ಕ ಸಹಾಯಧನವೂ ಸಿಕ್ಕಿತು. ಇವೆಲ್ಲ ರಾಜ್ಯದ ಜೇಬಿನಿಂದ ಹೋಗುವಂಥವು. ಆಸ್ತಿ ತೆರಿಗೆ ಮಾತ್ರ ಊರಿನ ಜೇಬಿನದು. ಬೀದಿದೀಪ, ಚರಂಡಿ, ಕಸದ ಗಾಡಿ ಎಲ್ಲಕ್ಕೂ ಆಧಾರ ಅದೇ. ಅಮೆರಿಕದಲ್ಲಿ ನಿಮ್ಮವರು ಆ ಜೇಬಿಗೂ ಕೈ ಹಾಕುವುದು ಮಾಮೂಲು. ಇಲ್ಲಿಯೂ ನಿಮ್ಮ ವಕೀಲರು ಇಂದಲ್ಲ ನಾಳೆ ಆ ಮಾತು ತೆಗೆಯುತ್ತಾರೆಂದು ಊಹಿಸಿ, ಸ್ಥಳೀಯನಾಗಿ ಒಂದೆರಡು ಸಲಹೆ ಕೊಡುತ್ತಿದ್ದೇನೆ.

ಮೊದಲು, ಹೊರಟು ಹೋಗುತ್ತೇನೆ ಎಂದು ಬೆದರಿಸಬೇಕು. ನೆರೆಯ ರಾಜ್ಯದ ಹೆಸರು ನಾಲಿಗೆ ತುದಿಯಲ್ಲಿರಲಿ. 2025ರ ಏಪ್ರಿಲ್‌ನಲ್ಲಿ ಆಂಧ್ರ ಸರ್ಕಾರ ವಿಶಾಖಪಟ್ಟಣದಲ್ಲಿ 21 ಎಕರೆಗೂ ಹೆಚ್ಚು ಜಮೀನನ್ನು ಟಿಸಿಎಸ್‌ಗೆ ನಾಮಕಾವಸ್ತೆ 99 ಪೈಸೆಗೆ ಕೊಡಲು ಒಪ್ಪಿತು. ನಮ್ಮ ಖಾದರ್‌ಪೇಟೆಯ ಬಟ್ಟೆ ಮಾರುಕಟ್ಟೆಯಲ್ಲಿ 99 ಪೈಸೆಗೆ ತೂತು ಬಿದ್ದ ಸೆಕೆಂಡ್ಸ್ ಬನಿಯನ್ನೂ ಸಿಗದು. ಈ ಬೆದರಿಕೆ ನಮ್ಮ ಬಾಯಲ್ಲಿ ಬಂದರೆ ಯಾರೂ ನಂಬುವುದಿಲ್ಲ. ಮನೆ ಇಲ್ಲಿದೆ, ಸಾಲ ಇಲ್ಲಿದೆ, ಮಗಳ ಶಾಲೆ ಇಲ್ಲಿದೆ. ಎಲ್ಲಿಗೆ ಹೋದಾನು ಎಂಬುದು ಕೇಳುವವರಿಗೆ ಚೆನ್ನಾಗಿ ಗೊತ್ತು.

ಎರಡನೆಯದು, ಉದ್ಯೋಗದ ಸಂಖ್ಯೆಯನ್ನು ಹೇಳುವಾಗ ಕೈ ಬಿಗಿ ಹಿಡಿಯಬಾರದು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮೌಂಟ್ ಪ್ಲೆಸೆಂಟ್ ಎಂಬ ಊರಿನ ಕಥೆ ನಿಮಗೆ ಗೊತ್ತಿರುತ್ತದೆ. 2017ರಲ್ಲಿ ಫಾಕ್ಸ್‌ಕಾನ್ 13,000 ಉದ್ಯೋಗ ಎಂದಿತು, ರಾಜ್ಯ ಸುಮಾರು 300 ಕೋಟಿ ಡಾಲರ್ ಪ್ರೋತ್ಸಾಹ ಎಂದಿತು. 2021ರಲ್ಲಿ ಹೊಸ ಕರಾರಾದಾಗ ಉದ್ಯೋಗ 1,454ಕ್ಕೆ ಇಳಿದಿತ್ತು. ಪ್ರೋತ್ಸಾಹವನ್ನೂ ಇಳಿಸಿದರು, ನಿಜ. ಆದರೆ ಮೊದಲಿನ ಮಾತು ನಂಬಿ ಊರು ಅಷ್ಟರಲ್ಲಿ ಸಾಲ ಮಾಡಿ ಜಮೀನು ಕೊಂಡು ರಸ್ತೆ ಹಾಕಿಯಾಗಿತ್ತು.

ಇನ್ನು ನಮ್ಮ ಸಂಗತಿ. ನಮ್ಮ ಬೀದಿಯ ಮನೆಗಳಲ್ಲಿ ಹಜಾರವೇ ಕಾರ್ಖಾನೆ. ಹೊಲಿಗೆ ಯಂತ್ರಗಳೆಂದರೆ ಎರಡು ಓವರ್‌ಲಾಕ್, ಎರಡು ಫ್ಲಾಟ್‌ಲಾಕ್, ಒಂದು ಸಿಂಗರ್. ಮೊಣಕಾಲೆತ್ತರಕ್ಕೆ ತೋಳಿಲ್ಲದ ಟೀ ಶರ್ಟುಗಳ ರಾಶಿ, ಅದರ ಮಗ್ಗುಲಲ್ಲಿ ಶರ್ಟಿಲ್ಲದ ತೋಳುಗಳ ರಾಶಿ, ಮಧ್ಯೆ ಹೋಂವರ್ಕ್ ಮಾಡುವ ಮಗು. ಕೂಲಿ ಪೀಸ್ ರೇಟು, ಬಟವಾಡೆ ಶನಿವಾರ. ತೆರಿಗೆಯ ಲೆಕ್ಕದಲ್ಲಿ ಅಡುಗೆಮನೆ ವಾಸಕ್ಕೆ, ಹಜಾರ ಉದ್ದಿಮೆಗೆ. ನಡುವಿನ ಹೊಸ್ತಿಲು ಯಾವ ದರಕ್ಕೆ ಸೇರಬೇಕೆಂದು ನಮ್ಮಲ್ಲೇ ಒಮ್ಮತವಿಲ್ಲ. 2022ರ ಆಸ್ತಿ ತೆರಿಗೆ ಪರಿಷ್ಕರಣೆಯಲ್ಲಿ ತಿರುಪ್ಪೂರಿನಂಥ ಮಹಾನಗರಗಳಲ್ಲಿ 600 ಚದರಡಿಯೊಳಗಿನ ಮನೆಗೆ ಶೇ. 25, 1,200ರವರೆಗೆ ಶೇ. 50, ಕೈಗಾರಿಕೆಗೆ ಶೇ. 75, ಅಂಗಡಿಗೆ ಶೇ. 100 ಏರಿತು. ಏರಿಸದಿದ್ದರೆ ಹದಿನೈದನೇ ಹಣಕಾಸು ಆಯೋಗದ ಅನುದಾನ ಬಾರದು ಎಂಬ ವಿವರಣೆ ಬಂತು. ಆಮೇಲೆ ಅದರ ಮೇಲೆ ವರ್ಷಕ್ಕೆ ಶೇ. 6ರ ಹೆಚ್ಚಳ. 2024ರ ಡಿಸೆಂಬರ್‌ನಲ್ಲಿ ತಿರುಪ್ಪೂರಿನ ವರ್ತಕರು ಅಂಗಡಿ ಮುಚ್ಚಿ ಪ್ರತಿಭಟಿಸಿದರು. 2025ರ ಆಗಸ್ಟ್ 27ರಂದು ಅಮೆರಿಕ ಭಾರತದ ಸರಕಿನ ಮೇಲಿನ ಸುಂಕವನ್ನು ಶೇ. 50ಕ್ಕೆ ಏರಿಸಿದಾಗ ಇಲ್ಲಿ ಆರ್ಡರ್‌ಗಳು ನಿಂತವು, ಓವರ್‌ಲಾಕ್‌ಗಳ ಸದ್ದು ಇಳಿಯಿತು. ಆಸ್ತಿ ತೆರಿಗೆಗೆ ಆರ್ಡರ್ ಬಂತೋ ನಿಂತಿತೋ ಎಂಬ ಚಿಂತೆ ಇಲ್ಲ, ಗೋಡೆ ನಿಂತಿದ್ದರೆ ಸಾಕು.

ತೆರಿಗೆಯೇ ಬೇಡವೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿ ಚರಂಡಿ ಮಾತ್ರ ಬೇಕೆನ್ನುವವರು ನಮ್ಮ ಬೀದಿಯಲ್ಲೇ ಇದ್ದಾರೆ, ಅವರಿಗೆ ಬೇರೆ ಪತ್ರ ಬರೆಯುತ್ತೇನೆ.

ಈ ಊರು ಬೆಳೆದ ಬಗೆಯನ್ನು ನಿಮ್ಮ ಸಲಹೆಗಾರರು ಹೇಳಿರಲಾರರು. ಕೊಯಮತ್ತೂರಿನ ಗಿರಣಿಗಳಿಗೆ ಕಸುವು ಬಂದದ್ದು 1932ರಲ್ಲಿ ನೀಲಗಿರಿಯ ಪೈಕಾರದಿಂದ ವಿದ್ಯುತ್ ಹರಿದ ಮೇಲೆ. ತಿರುಪ್ಪೂರಿಗೆ ತೊಂಬತ್ತರ ದಶಕದಲ್ಲಿ ಬೇಕಾಗಿದ್ದದ್ದು ನೀರು. ರಫ್ತುದಾರರ ಸಂಘವೂ ರಾಜ್ಯ ಸರ್ಕಾರವೂ ಐಎಲ್ ಆಂಡ್ ಎಫ್‌ಎಸ್ ಎಂಬ ಹಣಕಾಸು ಸಂಸ್ಥೆಯೂ ಕೂಡಿ 1995ರಲ್ಲಿ ನ್ಯೂ ತಿರುಪ್ಪೂರ್ ಏರಿಯಾ ಡೆವಲಪ್‌ಮೆಂಟ್ ಕಾರ್ಪೊರೇಷನ್ ಕಟ್ಟಿದರು. ಸಾವಿರ ಕೋಟಿ ಆಸುಪಾಸಿನ ಖರ್ಚಿನಲ್ಲಿ ಭವಾನಿಯ ಬಳಿಯಿಂದ ಕೊಳವೆ ಎಳೆದು ನೀರು ತಂದರು. ಅದರ ದರಪಟ್ಟಿಯನ್ನು ನೀವು ಒಮ್ಮೆ ನೋಡಬೇಕು: ಬನಿಯನ್ ಉದ್ಯಮಕ್ಕೆ ಹೆಚ್ಚು ದರ, ಊರಿನ ಮನೆಗಳಿಗೆ ಕಡಿಮೆ ದರ. ಉದ್ದಿಮೆಯೇ ಊರಿನ ನೀರಿನ ಭಾರ ಹೊತ್ತಿತು. ಅಭಿವೃದ್ಧಿಯನ್ನು ಹೀಗೆ ತಲೆಕೆಳಗಾಗಿ ಮಾಡಿದವರು ನಾವು, ಕ್ಷಮಿಸಬೇಕು.

ಹಾಗೆಂದು ನಮಗೆ ರಿಯಾಯಿತಿಯೇ ಸಿಕ್ಕಿಲ್ಲ ಎಂದರೆ ಸುಳ್ಳಾದೀತು. ವರ್ಷಗಟ್ಟಲೆ ಬಣ್ಣದ ನೀರನ್ನು ನೊಯ್ಯಲ್ ಹೊಳೆಗೆ ಬಿಟ್ಟೆವು. ಅದು ಹರಿದು ಒರತ್ತುಪಾಳೆಯಂ ಅಣೆಕಟ್ಟೆಯಲ್ಲಿ ನಿಂತಿತು. ಬೇಸಾಯಕ್ಕೆಂದು ಕಟ್ಟಿದ ಆ ನೀರು ಬೇಸಾಯಕ್ಕೆ ಬಾರದಾಯಿತು. ಯಾವ ಸುತ್ತೋಲೆಯಲ್ಲೂ ಇಲ್ಲದ ಈ ವಿನಾಯಿತಿಗೆ ಬೆಲೆ ತೆತ್ತವರು ಕೆಳಗಿನ ಹಳ್ಳಿಗಳ ರೈತರು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಡೈಯಿಂಗ್ ಘಟಕಗಳನ್ನು ಮುಚ್ಚಿಸಿದ ಮೇಲೆ, ಒಂದು ಹನಿಯನ್ನೂ ಹೊರಬಿಡದೆ ಶುದ್ಧೀಕರಿಸಲು ಕಲಿತೆವು. ಅದಕ್ಕೆ ರಾಜ್ಯ ಸರ್ಕಾರ ಬಡ್ಡಿಯಿಲ್ಲದೆ 200 ಕೋಟಿ ಸಾಲ ಕೊಟ್ಟಿತು. ಒಬ್ಬರಿಗೆ ಬಿಟ್ಟದ್ದು ಇನ್ನೊಬ್ಬರ ಹೊಲದಲ್ಲಿ ಹೋಗಿ ನಿಲ್ಲುವುದನ್ನು ಕಣ್ಣಾರೆ ಕಂಡ ಊರು ಇದು. ಆದ್ದರಿಂದಲೇ ನಿಮ್ಮ ವಿನಾಯಿತಿಯ ಮಾತು ಬಂದರೆ ನಾವು ಕೊಂಚ ಕಿವಿ ನಿಮಿರಿಸುತ್ತೇವೆ.

ನಮ್ಮದು ಒಂದೇ ಬೇಡಿಕೆ. ಅಮೆರಿಕದ ಸರ್ಕಾರಿ ಲೆಕ್ಕಪತ್ರ ಮಂಡಳಿ 2015ರಲ್ಲಿ ಒಂದು ನಿಯಮ ತಂದಿತು. ಕರಾರು ಮಾಡಿಕೊಂಡು ತೆರಿಗೆ ಬಿಟ್ಟರೆ, ಎಷ್ಟು ಬಿಟ್ಟಿತೆಂದು ಊರಾಡಳಿತ ತನ್ನ ವಾರ್ಷಿಕ ಲೆಕ್ಕದಲ್ಲಿ ಬರೆಯಬೇಕು. ತಮ್ಮ ಮೇಲೆ ನಮ್ಮವರಿಗೆ ಅಪಾರ ಪ್ರೀತಿ ಇರುವುದರಿಂದ, ಆಸ್ತಿ ತೆರಿಗೆ ಬಿಡುವ ಹೊತ್ತು ಬಂದರೆ ಆ ಮೊತ್ತವನ್ನು ವಾರ್ಡ್ ಕಚೇರಿಯ ಗೋಡೆಗೆ ತಮಿಳಿನಲ್ಲಿ, ದೊಡ್ಡ ಅಕ್ಷರದಲ್ಲಿ ಅಂಟಿಸಲು ತಾವೇ ಒಂದು ಮಾತು ಹೇಳಬೇಕು. ಅದರ ಕೆಳಗೆ ಆ ವರ್ಷ ಹಾಕದೆ ಬಿಟ್ಟ ರಸ್ತೆಗಳ ಪಟ್ಟಿಯೂ ಇರಲಿ. ಗೋಂದಿನ ಖರ್ಚು ನಮ್ಮ ಬೀದಿಯವರದು.

ಇತಿ ತಮ್ಮ ವಿಧೇಯ,
ಐದು ಮಷಿನ್‌ನ ಕೈಗಾರಿಕೋದ್ಯಮಿ

ತಾ.ಕ.: ನಮಗೂ ಪ್ರೋತ್ಸಾಹ ಇದೆ, ಮರೆತೇಬಿಟ್ಟಿದ್ದೆ. ಅರ್ಧವರ್ಷದ ತೆರಿಗೆಯನ್ನು ಏಪ್ರಿಲ್ ಮುಗಿಯುವುದರೊಳಗೆ ಕಟ್ಟಿದರೆ ಶೇ. 5 ರಿಯಾಯಿತಿ, ಗರಿಷ್ಠ 5,000 ರೂಪಾಯಿ. ಇದಕ್ಕೆ ಸಮಾವೇಶ ಬೇಡ, ವಕೀಲರು ಬೇಡ, ಊರು ಬಿಡುತ್ತೇನೆ ಎನ್ನುವುದೂ ಬೇಡ. ತಾವೂ ಮೊದಲು ಇದನ್ನು ಉಪಯೋಗಿಸಿ ನೋಡಬಹುದು.