ಹಳೆ ಕಂಪ್ಯೂಟರಿನಲ್ಲಿ ಮದುವೆ ಸಿಡಿ: ಒಂದು ಶಾಸ್ತ್ರೀಯ ಮೀಮಾಂಸೆ

ಗ್ರಂಥ ಯಾವುದೇ ಇರಲಿ, ಅದನ್ನೋದಲು ಅಧಿಕಾರಿ ಯಾರು, ಓದಿದರೆ ಸಿಗುವ ಫಲವೇನು ಎಂದು ಮೊದಲೇ ಹೇಳಿಬಿಡುವುದು ಪೂರ್ವಾಚಾರ್ಯರ ಪದ್ಧತಿ. ನಾವು ಅದನ್ನು ಮೀರುವವರಲ್ಲ. ಅಧಿಕಾರಿಯ ಮನೆಯಲ್ಲಿ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಜೋಡಿಸಿ ತಂದ, ಕ್ಯಾಬಿನೆಟ್ಟು ಹಳದಿಗೆ ತಿರುಗಿದ, ಆನ್ ಮಾಡಿ ಕಾಫಿ ಕುಡಿದು ಬರುವಷ್ಟರಲ್ಲಿ ಪರದೆ ಬೆಳಗಿಸುವ ಕಂಪ್ಯೂಟರ್ ಇರತಕ್ಕದ್ದು. ಬೀರುವಿನಲ್ಲಿ, ರೇಷ್ಮೆ ಸೀರೆಗಳ ಅಡಿಯಲ್ಲಿ, ಮಾರ್ಕರ್ ಪೆನ್ನಿನಿಂದ ‘ಮದುವೆ 1’, ‘ಮದುವೆ 2’, ‘ರಿಸೆಪ್ಷನ್’ ಎಂದು ಬರೆದ ಸಿಡಿಗಳಿರತಕ್ಕದ್ದು. “ಅಮ್ಮಾ, ನಿಮ್ಮ ಮದುವೆ ಸಿಡಿ ಹಾಕು, ನೋಡೋಣ” ಎಂದು ಪೀಡಿಸುವ ಸಂತಾನವೂ ಇದ್ದರೆ ಅಧಿಕಾರ ಸಿದ್ಧಿಸಿತು. ಫಲ ಎರಡು ಬಗೆ. ಮದುವೆ ಕಾಣುವುದು ದೃಷ್ಟಫಲ. ವೈರಸ್ ಕಾಣದಿರುವುದು ಅದೃಷ್ಟಫಲ.

ಪ್ರಯೋಗಕ್ಕೆ ಮುನ್ನ ಶುದ್ಧಿವಿಧಿ. ಸಿಡಿಯನ್ನು ಒಳಗೆ ತಳ್ಳುವಾಗ ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿಯಬೇಕು. ಎಕ್ಸ್‌ಪಿ ಕಾಲದ ವಿಂಡೋಸ್‌ಗೆ, ಸಿಡಿ ಸಿಕ್ಕಿದ್ದೇ ತಡ, ಅದರಲ್ಲಿರುವುದನ್ನು ಯಜಮಾನನನ್ನು ಕೇಳದೆ ಓಡಿಸಿಬಿಡುವ ಚಟವಿದೆ. ಶಿಫ್ಟ್ ಒತ್ತಿದ್ದರೆ ಸುಮ್ಮನಿರುತ್ತದೆ. ಜೊತೆಗೆ ನೆಟ್ ಕೇಬಲ್ ಕಿತ್ತಿಡಬೇಕು. ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು ಮೈಕ್ರೋಸಾಫ್ಟ್ ಎಳ್ಳುನೀರು ಬಿಟ್ಟಾಗಿದೆ. ಹೊಸ ರೋಗಕ್ಕೆ ಮದ್ದು ಸಿಗದ ಅಂಥ ಯಂತ್ರಕ್ಕೆ ಸಂನ್ಯಾಸವೇ ಕ್ಷೇಮ ಎಂಬುದು ನಮ್ಮ ದೃಢಮತ.

ಈಗ ವಸ್ತುದರ್ಶನ. ಸಿಡಿಯನ್ನು ತೆರೆದರೆ ಒಂದಷ್ಟು ಫೋಲ್ಡರುಗಳು. ಅವುಗಳಲ್ಲಿ ‘ಎಂಪೆಗ್‌ಎವಿ’ ಎಂಬುದರೊಳಗೆ ‘ಎವಿಸೀಕ್01 ಡಾಟ್ ಡ್ಯಾಟ್’ ಎಂಬ ಹೆಸರಿನ ಭಾರೀ ಫೈಲು ಮಲಗಿರುತ್ತದೆ. ಡಬಲ್ ಕ್ಲಿಕ್ ಮಾಡಿದರೆ, ಇದನ್ನು ಯಾವುದರಲ್ಲಿ ತೆರೆಯಲಿ ಎಂದು ಕಂಪ್ಯೂಟರು ನಮ್ಮನ್ನೇ ಕೇಳುತ್ತದೆ. ಸಂತಾನದ ಮುಖ ಬಾಡುವುದು, ಭಾವಮೈದುನನಿಗೆ ಫೋನು ಹೋಗುವುದು ಈ ಘಟ್ಟದಲ್ಲಿಯೇ.

ಭಾವಮೈದುನ ಬರುವಷ್ಟರಲ್ಲಿ ಮೂಲತತ್ತ್ವವನ್ನು ಹೇಳಿ ಮುಗಿಸೋಣ. ಫೈಲಿನ ಬಾಲನಾಮ ಹಾರ್ಲಿಕ್ಸ್ ಬಾಟಲಿಯ ಚೀಟಿಯಂತೆ. ಒಳಗೆ ಹುಣಸೆಹಣ್ಣೋ ಸಾಸಿವೆಯೋ ತೆರೆದವರಿಗಷ್ಟೇ ಗೊತ್ತು. 1992ರಲ್ಲಿ ಮೈಕ್ರೋಸಾಫ್ಟ್ ಹೊರತಂದ ಎವಿಐ ಎಂಬುದು ಬರೀ ಬಾಟಲಿ. ಒಳಗಿನ ಚಿತ್ರ ಸಿನೆಪ್ಯಾಕೋ, ಇಂಡಿಯೋವೋ, ಡಿವ್‌ಎಕ್ಸೋ ಎಂದು ತಿಳಿಸಲು ನಾಲ್ಕೇ ಅಕ್ಷರದ ಗೋತ್ರವೊಂದನ್ನು ತಲೆಯಲ್ಲಿ ಬರೆದಿರುತ್ತಾರೆ. ಗೋತ್ರ ಕೂಡಿಬರದಿದ್ದರೆ ಪಾಣಿಗ್ರಹಣವಿಲ್ಲ. ದನಿ ಮಾತ್ರ ಕೇಳಿ ಪರದೆ ಕಪ್ಪಾಗಿರುವುದು ಹಾಗಾಗಿ. ‘ಡ್ಯಾಟ್’ ವಿಷಯದಲ್ಲಂತೂ ಏಕನಾಮಧಾರಿಗಳ ಹಾವಳಿ ಹೇಳತೀರದು. ವಿಂಡೋಸ್ ತನ್ನ ಬಳಕೆದಾರನ ಸೆಟ್ಟಿಂಗುಗಳನ್ನೆಲ್ಲ ಇಟ್ಟುಕೊಳ್ಳುವ ‘ಎನ್‌ಟಿಯೂಸರ್’ ಫೈಲಿಗೂ ಅದೇ ಬಾಲ. ಅದನ್ನು ಮದುವೆಯೆಂದು ಬಗೆದು ಕೆದಕಿದವನ ಸಂಸಾರ ಮರುದಿನ ಬೂಟ್ ಆಗುವಾಗಲೇ ಹಳಿ ತಪ್ಪಿರುತ್ತದೆ.

ನಮ್ಮ ಡ್ಯಾಟ್ ಸಾಧು ಪ್ರಾಣಿ. 1993ರ ವಿಡಿಯೊ ಸಿಡಿ (ವಿಸಿಡಿ) ನಿಯಮದಂತೆ ಹೊಲಿದ ಎಂಪೆಗ್-1 ಚಿತ್ರ ಅದು. ಅಗಲ 352, ಎತ್ತರ 288 ಚುಕ್ಕಿ, ಸೆಕೆಂಡಿಗೆ 25 ಚೌಕಟ್ಟು. ಒಂದು ಸಿಡಿಗೆ 74 ನಿಮಿಷ ಹಿಡಿಸಿದರೆ ಹೆಚ್ಚು. ಇದರಿಂದ ಧರ್ಮಶಾಸ್ತ್ರದಲ್ಲೊಂದು ಸೂಕ್ಷ್ಮ ಪ್ರಶ್ನೆ ಎದ್ದಿದೆ. ವಿಡಿಯೊದವನು ವಧುವಿನ ಮುಖವನ್ನು ಅರಳುವ ಗುಲಾಬಿಯೊಳಗಿಂದ ಮೂರು ಸಲ ಮೂಡಿಸಿ, ಮಾವನವರ ಹೊಸ ಮನೆಯ ಗೇಟನ್ನು ಎರಡು ನಿಮಿಷ ತೋರಿಸಿ, ಛತ್ರದ ಅಡುಗೆಮನೆಯ ಹೋಳಿಗೆ ರಾಶಿಯ ಮೇಲೆ ಕ್ಯಾಮೆರಾ ಹರಿದಾಡಿಸುವಷ್ಟರಲ್ಲಿ ಒಂದನೇ ಸಿಡಿ ಮುಗಿಯುತ್ತದೆ. ಧಾರೆಯ ನೀರು ಬೀಳುವುದು ಎರಡನೆಯದರಲ್ಲಿ. ನಡುವೆ ಸಿಡಿ ಬದಲಿಸುವ ತನಕ ದಂಪತಿಗಳ ಸ್ಥಿತಿಯೇನು? ಅವಿವಾಹಿತರೆಂದು ಒಂದು ಪಕ್ಷ, ಮಕ್ಕಳು ಎದುರೇ ಕೂತಿರುವುದರಿಂದ ವಿವಾಹಿತರೆಂದು ಇನ್ನೊಂದು ಪಕ್ಷ. ಎರಡನೇ ಸಿಡಿ ಗೀರಿ ಹೋಗಿದ್ದಲ್ಲಿ ಏನು ಗತಿ ಎಂಬುದಕ್ಕೆ ಎರಡೂ ಪಕ್ಷಗಳಲ್ಲಿ ಉತ್ತರವಿಲ್ಲ.

ಇನ್ನು ಪೂರ್ವಪಕ್ಷ ಖಂಡನೆ. ಬಾಲ ಬದಲಿಸಿ ‘ಎಂಪಿಜಿ’ ಎಂದು ಬರೆದರೆ ಸಾಕು ಎನ್ನುವವರು ನಾಮವಾದಿಗಳು. ಡ್ಯಾಟ್ ಮಟ್ಟಿಗೆ ಇದು ಎಷ್ಟೋ ಸಲ ನಡೆಯುತ್ತದೆ, ಏಕೆಂದರೆ ಒಳಗಿರುವುದು ಅದೇ. ಜೆವಿಸಿಯ ಹಳೆ ಕ್ಯಾಮ್‌ಕಾರ್ಡರುಗಳು ಉಳಿಸುತ್ತಿದ್ದ ‘ಎಂಒಡಿ’ ಫೈಲಿಗೂ ನಡೆಯುತ್ತದೆ. ಇದೇ ಮಂತ್ರವನ್ನು ಸಿಸಿಟಿವಿಯ ‘ಡಿಎವಿ’ ಫೈಲಿನ ಮೇಲೆ ಪ್ರಯೋಗಿಸಿದರೆ ಹೆಸರು ಬದಲಾಗುತ್ತದೆ, ಹೂರಣ ಬದಲಾಗುವುದಿಲ್ಲ. ನಾಮವಾದಿಗಳು ಬಡಪಾಯಿಗಳು, ಅವರನ್ನು ಬಿಟ್ಟುಬಿಡೋಣ.

ಅಪಾಯವಿರುವುದು ಕೋಡೆಕ್‌ವಾದಿಗಳಿಂದ. ಇವರ ಮತದಲ್ಲಿ, ಓಡದ ವಿಡಿಯೊ ಎಂದರೆ ಅದರ ಗೋತ್ರವನ್ನು ಬಿಡಿಸಿ ಓದುವ ಯಾವುದೋ ಕೋಡೆಕ್ ಕೊರತೆ. ಹುಡುಕಿ, ಮೊದಲು ಸಿಕ್ಕಿದ್ದನ್ನು ಇನ್‌ಸ್ಟಾಲ್ ಮಾಡು. ಎರಡು ಸಾವಿರದ ದಶಕದ ನಡುವಿನಲ್ಲಿ ಈ ಮತದ ಮೇಲೆ ಜೀವನ ಸಾಗಿಸಿದ ಮಹಾಪುರುಷನೊಬ್ಬನಿದ್ದ, ಝ್ಲಾಬ್ ಎಂಬ ಟ್ರೋಜನ್. ವಿಡಿಯೊ ನೋಡಲು ಈ ಕೋಡೆಕ್ ಬೇಕು ಎಂದು ಪುಟ್ಟ ಪೆಟ್ಟಿಗೆ ತೋರಿಸಿ, ಹೌದು ಎಂದವನ ಮನೆಯೊಳಗೆ ಬಿಡಾರ ಹೂಡಿ, ನಿಮ್ಮ ಕಂಪ್ಯೂಟರಿಗೆ ರೋಗ ಬಂದಿದೆ ಎಂಬ ಸುಳ್ಳು ಎಚ್ಚರಿಕೆಗಳನ್ನು ತಾನೇ ಕೊಡುತ್ತಿದ್ದ. ಅವನ ಜ್ಞಾತಿ ವಿಮ್ಯಾಡ್ ಇನ್ನೂ ನಾಜೂಕು. ಡಬ್ಲ್ಯುಎಂವಿ ಫೈಲುಗಳಿಗೆ ಲೈಸೆನ್ಸ್ ತರಲು ತಾವೇ ನೆಟ್ಟಿಗೆ ಹೋಗುವ ಸೌಲಭ್ಯವಿತ್ತಲ್ಲ, ಆ ದಾರಿಯಲ್ಲೇ ಕಳ್ಳಮಾಲನ್ನು ಮನೆಗೆ ಕರೆತರುತ್ತಿದ್ದ. ಹೊಸ ಸಿನಿಮಾ ಎಂದು ಬಂದ ಫೈಲಿನ ಬಾಲ ‘ಎವಿಐ’ ಎಂದು ಕಂಡರೂ ಅದರ ಹಿಂದೆ ‘ಇಎಕ್ಸ್‌ಇ’ ಎಂಬ ನಿಜವಾದ ಬಾಲವನ್ನು ವಿಂಡೋಸ್ ತಾನಾಗಿ ಮರೆಮಾಡಿರುತ್ತದೆ. ಫೋಲ್ಡರ್ ಆಪ್ಷನ್ಸ್‌ಗೆ ಹೋಗಿ ಆ ಮುಸುಕು ತೆಗೆಯಬೇಕು. ಎರಡೂವರೆ ಗಂಟೆಯ ಸಿನಿಮಾ 90 ಕೆಬಿಯಲ್ಲಿ ಅಡಗಿದೆ ಎಂದರೆ ಅದು ಅಣಿಮಾದಿ ಸಿದ್ಧಿಯಲ್ಲ, ಟೋಪಿ.

ಹಾಗಾದರೆ ಸಿದ್ಧಾಂತವೇನು? ಸೂತ್ರ ಒಂದೇ: ನೋಡುಗನಿಂದ ಏನನ್ನಾದರೂ ಬೇಡುವ ವಿಡಿಯೊವನ್ನು ನೋಡತಕ್ಕದ್ದಲ್ಲ. ಭಾಷ್ಯ: ಕೋಡೆಕ್ ಬೇಡಬಹುದು, ಲೈಸೆನ್ಸ್ ಬೇಡಬಹುದು, ಪಾಸ್‌ವರ್ಡ್‌ಗಾಗಿ ಮೊಬೈಲ್ ನಂಬರ್ ಬೇಡಬಹುದು. ಕೊಡಬಾರದು.

ಬೇಡದೆ ಓಡಿಸುವ ಮಹಾನುಭಾವ ವಿಎಲ್‌ಸಿ ಎಂಬ ಪ್ಲೇಯರ್. ಕೋಡೆಕ್‌ಗಳನ್ನೆಲ್ಲ ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡಿರುವುದರಿಂದ ಅಕ್ಕಪಕ್ಕದಲ್ಲಿ ಸಾಲ ಕೇಳುವುದಿಲ್ಲ. 1996ರಲ್ಲಿ ಪ್ಯಾರಿಸ್ಸಿನ ಎಕೋಲ್ ಸೆಂತ್ರಾಲ್ ವಿದ್ಯಾರ್ಥಿಗಳು ಶುರುಮಾಡಿದ ಈ ಕೆಲಸ 2001ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಲಾಂಛನ, ರಸ್ತೆ ಅಗೆಯುವಲ್ಲಿ ನಿಲ್ಲಿಸುವ ಕಿತ್ತಳೆ ಶಂಕು. ಇದರ ಮೂರನೇ ಸರಣಿ ಎಕ್ಸ್‌ಪಿಯಲ್ಲೂ ಓಡುತ್ತದೆ. ಈ ಮಹಾನುಭಾವನಿಗೂ ವನವಾಸ ತಪ್ಪಲಿಲ್ಲ: 2022ರ ಫೆಬ್ರುವರಿಯಿಂದ ನವೆಂಬರ್ ತನಕ ಅದರ ಅಧಿಕೃತ ತಾಣ ಭಾರತದಲ್ಲಿ ತೆರೆಯುತ್ತಿರಲಿಲ್ಲ. ಅದನ್ನು ರೂಪಿಸುವ ವಿಡಿಯೊಲ್ಯಾನ್ ಸಂಸ್ಥೆ ಲೀಗಲ್ ನೋಟಿಸ್ ಕಳಿಸಿದ ಮೇಲೆಯೇ ತಡೆ ತೆರವಾದದ್ದು. ಅಸಲಿ ಅಂಗಡಿಯ ಬಾಗಿಲು ಮುಚ್ಚಿ ಜನರನ್ನು ಸಂದಿಗೊಂದಿಯ ಅಂಗಡಿಗಳಿಗೆ ಅಟ್ಟುವುದು ಯಾವ ಬಗೆಯ ರಕ್ಷಣೆ ಎಂದು ಮೀಮಾಂಸಕರು ಇಂದಿಗೂ ತಲೆ ಕೆರೆದುಕೊಳ್ಳುತ್ತಿದ್ದಾರೆ. ಈಗ ವಿಡಿಯೊಲ್ಯಾನ್ ಡಾಟ್ ಆರ್ಗ್‌ನಿಂದಲೇ ಇಳಿಸಿಕೊಳ್ಳಬಹುದು. ಹಳೆಯ ಆವೃತ್ತಿಯೇ ಸಾಕೆಂದು ಕೂರುವಂತಿಲ್ಲ. ವಿಡಿಯೊ ಫೈಲನ್ನೇ ವಕ್ರವಾಗಿ ಕಟ್ಟಿ ಪ್ಲೇಯರನ್ನು ಕೆಡವುವ ವಿದ್ಯೆಯೂ ಇದೆ. 2019ರ ಜೂನ್‌ನಲ್ಲಿ ಬಂದ 3.0.7 ಆವೃತ್ತಿಯೊಂದರಲ್ಲೇ ಮೂವತ್ತಕ್ಕೂ ಹೆಚ್ಚು ಇಂಥ ಬಿರುಕುಗಳನ್ನು ಮುಚ್ಚಿದರು. ಬೇರೆ ಕಂಪ್ಯೂಟರಿನಲ್ಲಿ ಇಳಿಸಿ, ಪೆನ್‌ಡ್ರೈವಿನಲ್ಲಿ ತಂದು, ಸಂನ್ಯಾಸಿಗೆ ದೀಕ್ಷೆ ಕೊಡುವುದು ಉತ್ತಮ ಪಕ್ಷ.

ವಿಎಲ್‌ಸಿಯ ಮೀಡಿಯಾ ಮೆನುವಿನಲ್ಲಿ ‘ಓಪನ್ ಡಿಸ್ಕ್’ ಆರಿಸಿ, ವಿಸಿಡಿ ಎಂಬುದನ್ನು ಗುರುತು ಮಾಡಿ ಪ್ಲೇ ಒತ್ತಿದರೆ ನಾಗಸ್ವರ ಮೊಳಗುತ್ತದೆ. ಒಂದು ವಿಪರ್ಯಾಸವನ್ನು ಗಮನಿಸಿ: ಈ ಮುದಿ ಯಂತ್ರ ಮುದಿ ಎಂಪೆಗ್-1 ಚಿತ್ರವನ್ನು ಉಸಿರೆಳೆಯದೆ ಓಡಿಸುತ್ತದೆ, ಅದೇ ಮಗನ ಹೊಸ ಫೋನಿನ ಎಚ್‌ಇವಿಸಿ ವಿಡಿಯೊ ಕಂಡರೆ ಫ್ಯಾನು ಕಿರುಚಿ ಚಿತ್ರ ನಿಂತು ನಿಂತು ಬರುತ್ತದೆ. 2013ರ ಆ ಪದ್ಧತಿಯನ್ನು ಬಿಡಿಸುವ ಸರ್ಕ್ಯೂಟು ಅದರ ಎದೆಯಲ್ಲಿಲ್ಲ.

ಕೊನೆಗೊಂದು ಲೌಕಿಕ ವಿಷಯ. ವಿಸಿಡಿಯ ಚಿತ್ರಭಾಗಕ್ಕೆ, ಮಾಮೂಲಿ ಡೇಟಾ ಸಿಡಿಗಿರುವ ಹೆಚ್ಚುವರಿ ದೋಷಪರಿಹಾರದ ಕವಚವಿಲ್ಲ. ಜಾಗ ಉಳಿಸಲು ಅದನ್ನು ಬಿಟ್ಟುಕೊಟ್ಟಿದ್ದಾರೆ. ಆದ್ದರಿಂದ ಸಣ್ಣ ಗೀರಿಗೂ ಕಾಪಿ ಅರ್ಧದಲ್ಲಿ ನಿಲ್ಲುತ್ತದೆ. ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ಸುತ್ತ ತಿರುಗಿಸಿ ಒರೆಸಬೇಡಿ. ಆಗಲೂ ಕಾಪಿಯಾಗದಿದ್ದರೆ ಐಸೊಬಸ್ಟರಿನಂಥ ತಂತ್ರಾಂಶದಿಂದ ಹೊರತೆಗೆಯಲು ನೋಡಿ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಸಿಡಿ ಡ್ರೈವೇ ಬರುವುದಿಲ್ಲ. ಹಳೆ ಕಂಪ್ಯೂಟರನ್ನು ಗುಜರಿಯವನಿಗೆ ತೂಗಿ ಹಾಕುವ ಮುನ್ನ ಬೀರುವಿನ ಸಿಡಿಗಳನ್ನೆಲ್ಲ ಬೇರೊಂದು ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ಳಿ, ಮೊದಲು ಎರಡನೆಯದನ್ನು.