ಚಂಚಲವಿಳಾಸ ಮೀಮಾಂಸೆ

ಗೃಹಸ್ಥಾಶ್ರಮದ ಕರ್ತವ್ಯಗಳಲ್ಲಿ ಟೆಲಿಫೋನ್ ಎಕ್ಸ್‌ಚೇಂಜ್ ನಡೆಸುವುದನ್ನು ಯಾವ ಸ್ಮೃತಿಯೂ ವಿಧಿಸಿಲ್ಲ. ನಿಷೇಧಿಸಿಯೂ ಇಲ್ಲ. ಆ ಸಂದಿಯಲ್ಲಿಯೇ ಈ ಪ್ರಬಂಧ ನಿಂತಿದೆ.

ಶಾಸ್ತ್ರಪರಂಪರೆಯ ಮೂಲ ಅಷ್ಟೇನೂ ಪ್ರಾಚೀನವಲ್ಲ. 1999ರಲ್ಲಿ ಅಮೆರಿಕದ ಅಲಬಾಮಾದಲ್ಲಿ ಮಾರ್ಕ್ ಸ್ಪೆನ್ಸರ್ ಎಂಬ ವಿದ್ಯಾರ್ಥಿ ತನ್ನ ಪುಟ್ಟ ಕಂಪನಿಗೆ ಪಿಬಿಎಕ್ಸ್ ಎಂಬ ಖಾಸಗಿ ಟೆಲಿಫೋನ್ ಎಕ್ಸ್‌ಚೇಂಜ್ ಕೊಳ್ಳಲು ದುಡ್ಡು ಸಾಲದೆ ತಾನೇ ಒಂದನ್ನು ಬರೆದುಕೊಂಡ. ಅದೇ ಆಸ್ಟೆರಿಸ್ಕ್. ದುಡ್ಡಿನ ಕೊರತೆಯಿಂದ ಹುಟ್ಟಿದ ಈ ತಂತ್ರಾಂಶವನ್ನು ಇಂದು ಸಂಬಳ ಚೆನ್ನಾಗಿರುವವರೇ ಹೆಚ್ಚು ಶ್ರದ್ಧೆಯಿಂದ ಉಪಾಸಿಸುವುದು ಏಕೆಂಬುದು ಸಮಾಜಶಾಸ್ತ್ರದವರಿಗೆ ಬಿಟ್ಟದ್ದು. ನಾವು ಅಧ್ಯಯನಕ್ಕೆ ಆರಿಸಿದ ಮನೆ ಬೆಂಗಳೂರಿನದು. ಟಿವಿಯ ಹಿಂದೆ, ಧೂಳಿನ ನಡುವೆ, ಆಸ್ಟೆರಿಸ್ಕ್ ನಡೆಸುವ ಸರ್ವರ್: ಅಂಗೈಯಗಲದ ರಾಸ್ಪ್‌ಬೆರಿ ಪೈ. ಎಕ್ಸ್‌ಟೆನ್ಶನ್ 201 ನಡುಮನೆಯಲ್ಲಿ, 202 ಮಲಗುವ ಕೋಣೆಯಲ್ಲಿ, 203 ಧಾರವಾಡದಲ್ಲಿರುವ, ಮನೆಯ ಯಜಮಾನರ ತಾಯಿಯವರ ಮೊಬೈಲಿನಲ್ಲಿ. ಮೊದಲೆರಡರ ನಡುವಿನ ದೂರವನ್ನು ಕೂಗಿ ಕ್ರಮಿಸಬಹುದಾದ್ದರಿಂದ ಶಾಸ್ತ್ರವಿಚಾರವೆಲ್ಲ ಮೂರನೆಯದಕ್ಕೇ ಸಂಬಂಧಿಸಿದ್ದು.

ಸಮಸ್ಯೆಯ ಸ್ವರೂಪ ಹೀಗಿದೆ. ಇಂಟರ್ನೆಟ್ ಕೊಡುವವರು ಮನೆಗೆ ಕೊಟ್ಟ ಐಪಿ ವಿಳಾಸ ಎರವಲು ವಸ್ತು. ಕರೆಂಟ್ ಹೋಗಿ ಮೋಡೆಮ್ ಆರಿ ಹೊತ್ತಿದರೆ ಹಳೆಯದು ಯಾರಿಗೋ ಹೋಗಿ ಹೊಸದೊಂದು ಬರುತ್ತದೆ. ಸ್ವಾರಸ್ಯವೆಂದರೆ, ಸರ್ವರ್‌ಗೆ ಇದು ಗೊತ್ತೇ ಆಗುವುದಿಲ್ಲ. ಅದಕ್ಕೆ ಗೊತ್ತಿರುವುದು ರೂಟರ್ ಇಟ್ಟ ಮನೆಯೊಳಗಿನ ಹೆಸರು ಮಾತ್ರ: 192.168.1.10. ಖಾಸಗಿ ಬಳಕೆಗೆಂದು 1996ರಲ್ಲಿ ತೆಗೆದಿಟ್ಟ ಆ ಶ್ರೇಣಿಯ ವಿಳಾಸ ಲಕ್ಷಾಂತರ ಮನೆಗಳಲ್ಲಿ ಇದೆ, ಹೊಸ್ತಿಲಾಚೆ ಎಲ್ಲೂ ನಡೆಯುವುದಿಲ್ಲ. ಹೀಗಾಗಿ ‘ಕೋಽಹಂ’ ಎಂಬ ಪ್ರಶ್ನೆಗೆ ಅಂತರ್ಮುಖಿಯಾಗಿ ಉತ್ತರ ಹುಡುಕಿದ ಸರ್ವರ್ ಕೆಟ್ಟಿತೆಂದೇ ಅರ್ಥ. ಹೊರಗಿರುವ ಸ್ಟನ್ ಸರ್ವರನ್ನು ‘ಅಯ್ಯಾ, ನಾನು ನಿನಗೆ ಹೇಗೆ ಕಾಣುತ್ತಿದ್ದೇನೆ?’ ಎಂದು ಕೇಳಿಯೇ ತನ್ನನ್ನು ತಾನು ಅರಿಯಬೇಕು. ಈ ಆತ್ಮಜ್ಞಾನವಿಧಾನವನ್ನು 2003ರಲ್ಲಿ ಕ್ರೋಡೀಕರಿಸಲಾಯಿತು.

ಅಜ್ಞಾನದ ಪರಿಣಾಮ ಎರಡು ಬಗೆ. ಮೊದಲನೆಯದು ಏಕಮುಖ ಶ್ರವಣ. ಸಿಪ್ ಎಂಬ ಸಂಕೇತಪದ್ಧತಿ ಕರೆ ಕೂಡಿಸುವಾಗ ‘ನಿನ್ನ ಧ್ವನಿಯನ್ನು ಇಲ್ಲಿಗೆ ಕಳಿಸು’ ಎಂದು ಪತ್ರದ ಒಳಗೇ ವಿಳಾಸ ಬರೆದು ಕಳಿಸುತ್ತದೆ. ಲಕೋಟೆಯ ಮೇಲಿನ ವಿಳಾಸವನ್ನು ರೂಟರ್ ತಿದ್ದೀತು. ಒಳಗಿನ ಕಾಗದದಲ್ಲಿ ಮಾತ್ರ ‘ಅಡುಗೆಮನೆ ಪಕ್ಕದ ಕೋಣೆಗೆ ಉತ್ತರ ಬರೆಯಿರಿ’ ಎಂದೇ ಇರುತ್ತದೆ. ಫಲವಾಗಿ ಮಗನ ಮಾತು ತಾಯಿಗೆ ಕೇಳುತ್ತದೆ, ತಾಯಿಯ ಮಾತು ಮಗನಿಗೆ ಕೇಳುವುದಿಲ್ಲ. ಈ ಸ್ಥಿತಿ ಆಸ್ಟೆರಿಸ್ಕ್‌ಗಿಂತ ಪೂರ್ವದ್ದು, ಫೋನಿಲ್ಲದ ಮನೆಗಳಲ್ಲೂ ಕಂಡುಬರುತ್ತದೆ ಎಂಬ ವಾದವೊಂದುಂಟು. ಅದನ್ನು ಮಂಡಿಸಿದವರು ತಾಯಿಯವರೇ ಆದ್ದರಿಂದ ಪಕ್ಷಪಾತದ ಶಂಕೆಯಿದೆ.

ಎರಡನೆಯದು ಇನ್ನೂ ಸೂಕ್ಷ್ಮ, ಪ್ರಬಂಧಕಾರರಿಗೆ ಹೆಚ್ಚು ಪ್ರಿಯವಾದದ್ದೂ ಹೌದು. ಧ್ವನಿಯ ವಿಳಾಸವನ್ನಷ್ಟೇ ಸರಿಪಡಿಸಿ, ಸಂಕೇತದ ವಿಳಾಸವನ್ನು ಮರೆತ ಮನೆಗಳಲ್ಲಿ ಮಾತು ಎರಡೂ ಕಡೆ ಸ್ಫಟಿಕದಂತೆ ಕೇಳುತ್ತದೆ. ಸರಿಯಾಗಿ 32 ಸೆಕೆಂಡು. ತಾಯಿ ಕರೆ ಮಾಡುತ್ತಾರೆ, ಸರ್ವರ್ ‘200 ಓಕೆ’ ಅನ್ನುತ್ತದೆ, ಆ ಕಡೆಯಿಂದ ಬರಬೇಕಾದ ‘ಆ್ಯಕ್’ ಎಂಬ ಒಪ್ಪಿಗೆ ಇಲ್ಲದ ವಿಳಾಸಕ್ಕೆ ಹೋಗಿ ಕಳೆದುಹೋಗುತ್ತದೆ. ಸರ್ವರ್ ಮತ್ತೆ ಮತ್ತೆ ಓಕೆ ಅನ್ನುತ್ತದೆ. ಮೂಲ ಅವಧಿ ಅರ್ಧ ಸೆಕೆಂಡು, ಅದರ 64 ಪಟ್ಟು ಕಾಯತಕ್ಕದ್ದು ಎಂದು 2002ರ ಸಿಪ್ ಸಂಹಿತೆಯ ಅಪ್ಪಣೆ. ಆಮೇಲೆ ಫೋನ್ ಇಡುತ್ತದೆ. ‘ಶಾಂತಕ್ಕನ ಮಗಳಿಗೆ ಒಂದು ವರಾ ಬಂದದ, ಹುಡುಗ ಏನಂದ್ರ…’ ಎಂಬಲ್ಲಿಗೆ ಪಾಠ ತ್ರುಟಿತ. ಸರ್ವರಿನ ಲಾಗ್ ಎಂಬ ಶಾಸನದಲ್ಲಿ ಈ ಘಟನೆ ‘ರಿಟ್ರಾನ್ಸ್‌ಮಿಶನ್ ಟೈಮೌಟ್’ ಎಂದು ಉಲ್ಲೇಖಿತವಾಗಿದೆ. ಹುಡುಗ ಏನೆಂಬುದು ಆ ಶಾಸನದಲ್ಲಿಲ್ಲ.

ಇಲ್ಲಿ ಪಾಠಾಂತರದ ವಿಷಯವನ್ನೂ ಹೇಳಬೇಕು. ಕೆಲವು ರೂಟರ್‌ಗಳಲ್ಲಿ ಸಿಪ್ ಎಎಲ್‌ಜಿ ಎಂಬ ಲಿಪಿಕಾರ ಅಡಗಿರುತ್ತಾನೆ. ದಾಟಿಹೋಗುವ ಪ್ರತಿ ಪತ್ರವನ್ನೂ ಒಡೆದು, ತನಗೆ ಸರಿ ಕಂಡಂತೆ ತಿದ್ದುತ್ತಾನೆ. ನಾವು ತಿದ್ದಿದ್ದನ್ನೂ ತಿದ್ದುತ್ತಾನೆ. ಮೂಲಪಾಠ ಬೇಕೆಂಬ ಸಂಪಾದಕರೆಲ್ಲ ಮೊದಲು ಅವನನ್ನು ಆಫ್ ಮಾಡುತ್ತಾರೆ.

ಪರಿಹಾರವಾಗಿ ಪ್ರಾಚೀನರು ಹೇಳಿದ್ದು ನಾಮೋಪಾಸನೆ: ವಿಳಾಸ ಬದಲಾಗಲಿ, ಹೆಸರು ಬದಲಾಗದಿರಲಿ. ಡೈನಾಮಿಕ್ ಡಿಎನ್‌ಎಸ್‌ನಲ್ಲಿ ಹೆಸರೊಂದನ್ನು ನೋಂದಾಯಿಸಿ, ವಿಳಾಸ ಬದಲಾದಾಗಲೆಲ್ಲ ಅಲ್ಲಿಗೆ ಸುದ್ದಿ ಮುಟ್ಟಿಸುವುದು. ಆಸ್ಟೆರಿಸ್ಕ್‌ನ ಹಳೆಯ ಸಂಪ್ರದಾಯದಲ್ಲಿ ‘ಎಕ್ಸ್‌ಟರ್ನ್‌ಹೋಸ್ಟ್’ ಎದುರು ಆ ಹೆಸರು ಬರೆದರೆ ಅದು 10 ಸೆಕೆಂಡಿಗೊಮ್ಮೆ ತನ್ನ ಇರವನ್ನು ವಿಚಾರಿಸಿಕೊಳ್ಳುತ್ತಿತ್ತು. 2013ರಲ್ಲಿ ಪಿಜೆಸಿಪ್ ಎಂಬ ನವ್ಯಪಂಥ ಬಂತು. ಹತ್ತು ವರ್ಷ ಎರಡೂ ಪಂಥಗಳು ಒಂದೇ ಸೂರಿನಡಿ ಜಗಳವಾಡಿದವು. 2023ರ 21ನೇ ಆವೃತ್ತಿಯಲ್ಲಿ ಹಳೆಯದನ್ನು ಕಿತ್ತೇ ಹಾಕಿದರು. ಬಾಯಿಪಾಠ ಮಾಡಿದ್ದವರ ಗೋಳನ್ನು ಇಲ್ಲಿ ವಿಸ್ತರಿಸುವುದಿಲ್ಲ.

ಆದರೆ ನಾಮಕ್ಕೂ ರೂಪಕ್ಕೂ ನಡುವೆ ಒಂದು ಬಿರುಕಿದೆ. ತಾಯಿಯ ಮೊಬೈಲು ಸರ್ವರಲ್ಲಿ ಹೆಸರು ಬರೆಸುವುದು ಸಾಮಾನ್ಯವಾಗಿ ಗಂಟೆಗೊಮ್ಮೆ. ನಡುವೆ ವಿಳಾಸ ಬದಲಾದರೆ ಅದು ಹಳೆಯ ಬಾಗಿಲನ್ನೇ ಬಡಿಯುತ್ತಿರುತ್ತದೆ. ಆ ಬಾಗಿಲು ಈಗ ಊರಿನ ಇನ್ನಾವುದೋ ಮನೆಯದು. ಮದುವೆ ಸುದ್ದಿ ಹೊತ್ತ ಕರೆಗಳು ಅಪರಿಚಿತರ ರೂಟರ್‌ಗೆ ಬಡಿದು ಅಲ್ಲೇ ಬಿದ್ದುಹೋಗುತ್ತವೆ.

ಇದಿಷ್ಟೂ ದ್ವೈತದ ಮಾತು. ಅಂದರೆ ಪ್ರತಿ ಮನೆಗೂ ಬೇರೆ ವಿಳಾಸವಿದೆ ಎಂದು ನಂಬಿದವರದು. ವಿಳಾಸಗಳ ಜಾಗತಿಕ ಕಣಜ 2011ರ ಫೆಬ್ರುವರಿಯಲ್ಲಿ ಬರಿದಾದ ಮೇಲೆ ಅದ್ವೈತ ಪ್ರಬಲವಾಯಿತು. ಅನೇಕ ಮನೆಗಳು, ಹೊರಗೆ ಒಂದೇ ವಿಳಾಸ, ಭೇದವೆಲ್ಲ ಮಿಥ್ಯೆ. ಇದಕ್ಕೆ ಸಿಜಿನ್ಯಾಟ್ ಎಂದು ಹೆಸರು, 2012ರಲ್ಲಿ 100.64ರಿಂದ 100.127ರವರೆಗಿನ ವಿಳಾಸಗಳನ್ನು ಇದಕ್ಕೆಂದೇ ಬಿಟ್ಟುಕೊಟ್ಟರು. ರೂಟರಿನ ಹೊರಮುಖದ (ವ್ಯಾನ್) ವಿಳಾಸ ಆ ಶ್ರೇಣಿಯಲ್ಲಿ ಕಂಡರೆ, ಹೊರಗಿನಿಂದ ಬಂದದ್ದನ್ನು ಒಳಗಿನ ಸರ್ವರ್‌ಗೆ ದಾಟಿಸುವ ಪೋರ್ಟ್ ಫಾರ್ವರ್ಡಿಂಗ್ ಎಂಬ ಕರ್ಮಕಾಂಡ ನಿಷ್ಫಲ. ಹೊರಗೆ ಸ್ಥಿರ ವಿಳಾಸದ ಸರ್ವರೊಂದನ್ನು ಬಾಡಿಗೆಗೆ ಹಿಡಿದು ಮನೆಯವರೆಗೆ ವೈರ್‌ಗಾರ್ಡ್ ಸುರಂಗ ಕೊರೆಯುವುದೇ ಗತಿ. ಬಾಡಿಗೆ ಕೊಟ್ಟ ಮೇಲೆ ಆಸ್ಟೆರಿಸ್ಕನ್ನೂ ಅಲ್ಲೇ ಇಡಬಾರದೇಕೆ ಎಂದು ಸಂಪ್ರದಾಯಸ್ಥರು ಕೇಳುವುದಿಲ್ಲ.

ಹೆತ್ತ ತಾಯಿಗೆ ಸಿಗದ ಈ ಮನೆ ಬೇಡದವರಿಗೆ ಮಾತ್ರ ಥಟ್ಟನೆ ಸಿಗುತ್ತದೆ. 5060ನೇ ಪೋರ್ಟ್ ತೆರೆದಿಟ್ಟರೆ ಬಹಳ ಹೊತ್ತೇನೂ ಬೇಡ, ‘ಫ್ರೆಂಡ್ಲಿ ಸ್ಕ್ಯಾನರ್’ ಎಂದು ತನ್ನನ್ನು ಪರಿಚಯಿಸಿಕೊಳ್ಳುತ್ತ ಯಾವುದೋ ದೇಶದ ಯಂತ್ರ 100, 101, 102 ಎಂದು ಎಕ್ಸ್‌ಟೆನ್ಶನ್‌ಗಳ ತಲೆ ಎಣಿಸತೊಡಗುತ್ತದೆ. ಪಾಸ್‌ವರ್ಡ್ ಸಿಕ್ಕರೆ ನಿಮ್ಮ ಲೆಕ್ಕದಲ್ಲಿ ದುಬಾರಿ ವಿದೇಶಿ ಕರೆ. ಇಂಥವರನ್ನು ಬಹಿಷ್ಕರಿಸಲು ಫೇಲ್‌ಟುಬ್ಯಾನ್ ಎಂಬ ದ್ವಾರಪಾಲಕನನ್ನು ನೇಮಿಸುತ್ತಾರೆ. ಅಧ್ಯಯನಕ್ಕೊಳಪಟ್ಟ ಮನೆಯಲ್ಲಿ ಅವನು ನಿಷ್ಪಕ್ಷಪಾತಿ. ಹೊಸ ಮೊಬೈಲಿನಲ್ಲಿ ಪಾಸ್‌ವರ್ಡ್ ತಪ್ಪಾಗಿ ಒತ್ತಿದ ತಾಯಿಯವರನ್ನೂ ಹೊರಗಿಟ್ಟ.

ಕೊನೆಗೆ ಪೂರ್ವಪಕ್ಷ. ಗೃಹಿಣಿ ಅಡುಗೆಮನೆಯಿಂದಲೇ ಅದನ್ನು ಎತ್ತಿದರು: ‘ವಾಟ್ಸಾಪ್‌ನಾಗ ಮಾಡಿದ್ರ ಆಗೂದಿಲ್ಲೇನ್ರೀ?’ ಸಿದ್ಧಾಂತಿಯಾದ ಯಜಮಾನರು ಸ್ವಾತಂತ್ರ್ಯ, ಗೌಪ್ಯತೆ, ಸ್ವಂತ ಡಯಲ್‌ಪ್ಲಾನ್ ಎಂದು ಮೂರು ಹೇತುಗಳನ್ನು ಕೊಡಹೊರಟಾಗ ಅವರದೇ ಮೊಬೈಲು ಮೊಳಗಿತು. ಧಾರವಾಡದಿಂದ ವಾಟ್ಸಾಪ್ ಕರೆ. ‘ಏನಪಾ, ನಿನ್ನ ಆ ಫೋನು ಹತ್ತವಲ್ದು, ಅದಕ ಇದರಾಗ ಮಾಡೀನಿ. ಹುಡುಗ ಇಂಜಿನಿಯರ್ ಅಂತ…’ ಮಾತು ಮುಕ್ಕಾಲು ಗಂಟೆ ನಡೆಯಿತು, ಎಲ್ಲೂ ಕಡಿಯಲಿಲ್ಲ. ಆದರೆ ಇದನ್ನು ಪ್ರಮಾಣವಾಗಿ ಸ್ವೀಕರಿಸಲಾಗಿಲ್ಲ. ಅನ್ಯಮಾರ್ಗದಿಂದ ಬಂದದ್ದಾದ್ದರಿಂದ ಸರ್ವರಿನ ಲಾಗ್‌ನಲ್ಲಿ ಅದರ ದಾಖಲೆಯೇ ಇಲ್ಲ.